ಎನ್ ಪಕ್ಕದ ಖಾಲಿ ಜಾಗ

ಟಕ್, ಟಕ್, ಟಕ್ — ಕಿಟಕಿಯ ಗಾಜು ಸಡಿಲಾಗಿದೆ, ಬಸ್ಸು ಗುಂಡಿಯಲ್ಲಿ ಕುಣಿದರೂ ಟಕ್, ಕುಣಿಯದಿದ್ದರೂ ಟಕ್, ನಿಶಾತ್ ಹಣೆ ಆನಿಸಿದಳೆಂದರೆ ನಿಲ್ಲುತ್ತದೆ, ತೆಗೆದಳೆಂದರೆ ಮತ್ತೆ ಶುರು, ಅಯ್ಯೋ ಇದು ನಮ್ಮ ಟೈಮರೇ ಅಲ್ಲವೇ, ಕಂಪ್ಯೂಟರಿನೊಳಗೂ ಹೀಗೇ ಒಂದು ಚಿಪ್ ಕೂತು ಸೆಕೆಂಡಿಗೆ ಹದಿನೆಂಟು ಸಲ ಟಕ್ ಟಕ್ ಅನ್ನುತ್ತಿರುತ್ತದಲ್ಲ, ಯಾರು ಕೇಳಲಿ ಬಿಡಲಿ, ಹಣೆ ಆನಿಸಿ ಅದನ್ನು ಸುಮ್ಮನಾಗಿಸಲಿಕ್ಕೆ ಮಾತ್ರ ಬರುವುದಿಲ್ಲ — ಮುಂದಿನ ಸೀಟಿನ ಮುದುಕಿ ತಿರುಗಿ ನೋಡಿದಳು, ತಾನು ನಕ್ಕೆನೇನೋ, ನೋಡಲಿ ಬಿಡು, ಆದಿತ್ಯವಾರ ಬೆಳಿಗ್ಗೆ ಬಳ್ಳಾರಿಯಿಂದ ಕುರುಗೋಡಿಗೆ ಹೊರಟ ಬಸ್ಸಿನಲ್ಲಿ ತನ್ನಷ್ಟಕ್ಕೆ ತಾನು ನಗುವ ಹೆಂಗಸನ್ನು ಜನ ನೋಡದೆ ಇನ್ನೇನು ಮಾಡುತ್ತಾರೆ. ದುಪಟ್ಟಾದ ತುದಿಯ ಗಂಟು ಮುಟ್ಟಿಕೊಂಡಳು, ಇದೆ, ಪೆನ್‌ಡ್ರೈವ್ ಇದೆ, ಅಮ್ಮಿ ಬೀಗದ ಕೈ ಸೆರಗಿಗೆ ಕಟ್ಟಿಕೊಳ್ಳುವ ಹಾಗೆ ಕಟ್ಟಿಕೊಂಡು ಬಂದಿದ್ದಾಳೆ, ಲ್ಯಾಪ್‌ಟಾಪಿನ ಚೀಲ ಕಳೆದರೂ ಕಳೆಯಲಿ ಇದು ಕಳೆಯಬಾರದು. ಆ ಗಂಟಿನಲ್ಲಿ ಹನ್ನೊಂದು ಕರ್ನಲ್ಲುಗಳಿವೆ, ಕಂಪ್ಯೂಟರಿನೊಳಗೆ ಎಲ್ಲಕ್ಕಿಂತ ಮೊದಲು ಎದ್ದು ಉಳಿದ ಕೆಲಸಗಳಿಗೆ ಸರದಿ ಹಂಚುವ ಪುಟ್ಟ ಪ್ರೋಗ್ರಾಮುಗಳು, ಹದಿನೈದು ದಿನ ಕೂತು ತಿದ್ದಿದ್ದು, ಹನ್ನೊಂದರಲ್ಲಿ ಒಂದಾದರೂ ಇವತ್ತು ಮಾರೆಣ್ಣನ ಅಂಗಡಿಯ ಹಳೇ ಕಂಪ್ಯೂಟರಿನಲ್ಲಿ ಸರಿಯಾಗಿ ನಡೆಯಲೇಬೇಕು, ನಡೆಯದಿದ್ದರೆ ಜ್ಯೋತಿ — ಬೇಡ, ಅದನ್ನು ಈಗಲೇ ನೆನೆಯುವುದು ಬೇಡ, ಬಸ್ಸು ಇನ್ನೂ ಊರನ್ನೇ ದಾಟಿಲ್ಲ.

ಅಮ್ಮಿ, ಅಂದರೆ ಮಾಬುಬೀ, ಬೆಳಿಗ್ಗೆ ಡಬ್ಬಿಗೆ ಸಜ್ಜೆ ರೊಟ್ಟಿ ಮಡಚಿ ಹಾಕುತ್ತಾ ಕೇಳಿದ್ದಳು, ಮತ್ತ ಕುರುಗೋಡಿಗೆ ಹೊಂಟ್ಯಾ, ಅದೇನೋ ಕರ್ನಲ್ಲು ಅಂತಿಯಲ್ಲ, ಅದನ್ನ ಮಾಡಿ ಯಾರಿಗೆ ಕೊಡ್ತಿ. ಯಾರಿಗೂ ಇಲ್ಲ ಅಮ್ಮಿ. ಮತ್ತ ಯಾಕ ಮಾಡ್ತಿ. ನೀನು ಕಸೂತಿ ಹಾಕಿದ ಆ ಹಳೇ ದಿಂಬಿನ ಚೀಲ ಯಾರಿಗೆ ಕೊಟ್ಟೆ ಅಂತ ತಿರುಗಿ ಕೇಳಬಹುದಿತ್ತು, ಕೇಳಲಿಲ್ಲ, ಬಸ್ಸು ತಪ್ಪುತ್ತಿತ್ತು. ಹುಟ್ಟಿದ್ದು ಬೆಳೆದದ್ದು ಕೌಲ್ ಬಜಾರಿನಲ್ಲಿ, ಸುತ್ತಮುತ್ತ ಯಾವ ಬಾಗಿಲು ತಳ್ಳಿದರೂ ಜೀನ್ಸ್ ಪ್ಯಾಂಟಿನ ರಾಶಿ, ಆ ಪ್ಯಾಂಟುಗಳ ಹಿಂದಿನ ಜೇಬಿನ ಮೇಲೆ ಬರುವ ಹೂವು, ರೆಕ್ಕೆ, ಹದ್ದಿನ ಮೂತಿ — ಎಲ್ಲ ನಿಶಾತ್ ಬಿಡಿಸಿದವು, ಕಂಪ್ಯೂಟರಿನಲ್ಲಿ ಬಿಡಿಸಿ ಕಸೂತಿ ಯಂತ್ರಕ್ಕೆ ಕೊಡುವುದು, ಸೂಜಿ ಎಲ್ಲಿ ಬೀಳಬೇಕು ಎಲ್ಲಿ ಏಳಬೇಕು ಎಂದು ಒಂದೊಂದು ಹೊಲಿಗೆಯನ್ನೂ ಹೇಳಿಕೊಡುವುದು, ಎಂಟು ವರ್ಷದಿಂದ ಅದೇ ಕೆಲಸ. ಕರೆಂಟು ಹೋಗಿ ಬಂದಾಗಲೆಲ್ಲ ಆ ಕಂಪ್ಯೂಟರು ಏಳಲು ಮೂರು ನಿಮಿಷ ತೆಗೆದುಕೊಳ್ಳುತ್ತಿತ್ತು, ಉಳಿದವರು ಆ ಮೂರು ನಿಮಿಷದಲ್ಲಿ ಚಹಾ ಕುಡಿಯುತ್ತಿದ್ದರು, ಇವಳಿಗೆ ಮಾತ್ರ ತಲೆಯಲ್ಲಿ ಹುಳ ಬಿಟ್ಟ ಹಾಗೆ, ಈಗ ಒಳಗೆ ಯಾರು ಎದ್ದರು, ಮೊದಲು ಎದ್ದವರು ಯಾರು, ಅವರನ್ನು ಎಬ್ಬಿಸಿದವರು ಯಾರು. ಕೇಳಿದರೆ ಮಾಲೀಕರು, ವಿಂಡೋಸ್ ಏಳಾಕ ಹತ್ತೈತಿ, ಸುಮ್ನ ಕುಂದ್ರವ್ವಾ, ಅಂದರು. ಸುಮ್ಮನೆ ಕೂರಲಿಕ್ಕಾಗದೆ ಜ್ಯೋತಿಗೆ ಫೋನು ಹಚ್ಚಿದ್ದಳು, ಸಿರುಗುಪ್ಪದ ಜ್ಯೋತಿಲಕ್ಷ್ಮಿಗೆ, ಇಂಥ ಹುಚ್ಚಿಗೆ ಜೊತೆಯಾಗುವವಳು ಭೂಮಿಯ ಮೇಲೆ ಅವಳೊಬ್ಬಳೇ. ಲೇ ಜ್ಯೋತಿ, ನಾವ ಒಂದು ಮಾಡನೇನು. ಏನು. ಎಲ್ಲಾರಕಿಂತ ಮೊದ್ಲ ಏಳಾದು. ಆ ಕಡೆ ಒಂದು ಲಾರಿ ಹಾರನ್ನು ಹೊಡೆಯಿತು, ಆಮೇಲೆ ಜ್ಯೋತಿ, ಆತು ತಗ, ಮಾಡನ, ಅಂದಳು, ಏನು ಎತ್ತ ಎಂದು ಒಂದು ಮಾತು ಕೇಳದೆ, ಎಲಾ ಇವಳ!

ಜ್ಯೋತಿ ಇರುವುದು ಸಿರುಗುಪ್ಪದ ಒಂದು ಅಕ್ಕಿ ಗಿರಣಿಯ ವೇಬ್ರಿಜ್ಜಿನಲ್ಲಿ, ಭತ್ತದ ಲಾರಿ ಕಟ್ಟೆಯ ಮೇಲೆ ಹತ್ತುತ್ತದೆ, ಇವಳು ಪುಟ್ಟ ಕೋಣೆಯೊಳಗೆ ಕೂತು ಕೆಂಪು ಅಂಕಿ ನೋಡಿ ತೂಕ ಬರೆಯುತ್ತಾಳೆ, ಒಂದು ಸಲ ನಿಶಾತ್ ಹೋಗಿ ನೋಡಿದ್ದಳು, ಅಬ್ಬಾ ಏನು ಗತ್ತು, ಲಾರಿ ಬಂದು ನಿಂತು ಗುರುಗುಟ್ಟುತ್ತಿದೆ, ಡ್ರೈವರು ಕೂಗುತ್ತಿದ್ದಾನೆ, ಇವಳು ಕೈ ಅಡ್ಡ ಹಿಡಿದು ನಿಲ್ಲಿಸಿಬಿಟ್ಟಳು — ಯಾಕೆಂದರೆ ಖಾಲಿ ಕಟ್ಟೆಯ ಮೇಲೆ ಸೊನ್ನೆ ಬರಬೇಕಾದಲ್ಲಿ ಕೆಂಪು ಅಂಕಿ ಬೇರೇನೋ ತೋರಿಸುತ್ತಿತ್ತು, ಹೊರಗೆ ಹೋಗಿ ನೋಡಿದರೆ ಕಟ್ಟೆಯ ಆ ತುದಿಯಲ್ಲಿ ಒಂದು ನಾಯಿ ಕಾಲು ಚಾಚಿ ಮಲಗಿದೆ! ಅದನ್ನು ಓಡಿಸಿ, ಹಿಂದಿನ ಲಾರಿಯ ಗಾಲಿಯಿಂದ ಬಿದ್ದ ಕೆಸರನ್ನು ಸಲಿಕೆಯಲ್ಲಿ ಬಳಿದು, ಒಳಗೆ ಬಂದು ಗುಂಡಿ ಒತ್ತಿ, ಸೊನ್ನೆ ಬಂದ ಮೇಲೆಯೇ ಬಾ ಅಂತ ಕೈ ಮಾಡಿದ್ದು. ಒಂದು ನಾಯಿಗೆ ಇಷ್ಟೆಲ್ಲ ಯಾಕಲೇ ಅಂದರೆ, ಮೊದ್ಲ ಸೊನ್ನಿ ಮಾಡ್ಕಬೇಕಲೇ ನಿಶಾ, ಹಿಂದ ಯಾರು ಏನು ಬಿಟ್ಟು ಹೋಗಿರ್ತಾರೋ ಯಾರಿಗ್ಗೊತ್ತು, ಅಂದಿದ್ದಳು, ನಿಶಾತ್ ಊರಿಗೆ ಬರುವವರೆಗೂ ನಾಯಿಯ ಮುಖ ನೆನೆದು ನೆನೆದು ನಕ್ಕಿದ್ದಳು. ಟಕ್ ಟಕ್ ಟಕ್, ಗಾಜು, ಹೊರಗೆ ಮೆಣಸಿನ ಹೊಲ, ಕಾಲುವೆ, ಎರಡು ಬಾತು. ಇಬ್ಬರಿಗೂ ಗೆಳೆತನವಾದದ್ದು ಕಂಟೋನ್ಮೆಂಟಿನ ಒಂದು ಹಳೇ ಬಂಗಲೆಯ ವರಾಂಡದಲ್ಲಿ, ಆರು ತಿಂಗಳ ಕೋರ್ಸು, ಆರು ಕಂಪ್ಯೂಟರಿಗೆ ಹನ್ನೆರಡು ಮಂದಿ, ಒಂದಕ್ಕೆ ಇಬ್ಬರು, ಕಾಡಸಿದ್ದಪ್ಪ ಸರ್ ಹತ್ತು ನಿಮಿಷಕ್ಕೊಮ್ಮೆ ಸ್ಟೀಲಿನ ಲೋಟಕ್ಕೆ ಚಮಚದಿಂದ ಟಿಣ್ ಅಂತ ಹೊಡೆಯುತ್ತಿದ್ದರು, ಬದ್ಲಾಗ್ರಿ! ಕೂತವರು ಏಳಬೇಕು, ನಿಂತವರು ಕೂರಬೇಕು, ಅರ್ಧ ಟೈಪಿಸಿದ ಅಕ್ಷರವನ್ನು ಅಲ್ಲಿಗೇ ಬಿಟ್ಟು. ನಿಶಾತ್ ಏಳುತ್ತಲೇ ಇರಲಿಲ್ಲ, ಇದೊಂದು ಸಾಲು ಸರ್, ಇದೊಂದೇ ಸಾಲು, ಆಗ ಸರ್ ಲೋಟವನ್ನು ಅವಳ ಕಿವಿಯ ಹತ್ತಿರವೇ ತಂದು ಟಿಣ್ ಅನ್ನಿಸುತ್ತಿದ್ದರು, ಅವಳು ಚೇಳು ಕುಟುಕಿದ ಹಾಗೆ ಕುರ್ಚಿ ಬಿಟ್ಟೇಳುತ್ತಿದ್ದಳು, ಜ್ಯೋತಿ ಬಾಯಿಗೆ ಸೆರಗು ಒತ್ತಿ ನಗುತ್ತಾ ಕೂರುತ್ತಿದ್ದಳು.

ಕುರುಗೋಡು ಯಾಕೆಂದರೆ ಬಳ್ಳಾರಿಯವಳಿಗೂ ಸಿರುಗುಪ್ಪದವಳಿಗೂ ನಡುವಿನ ಊರು, ಇಬ್ಬರೂ ಒಂದೊಂದು ಬಸ್ಸು ಹತ್ತಿದರೆ ಆಯಿತು, ಹದಿನೈದು ದಿನಕ್ಕೊಂದು ಆದಿತ್ಯವಾರ, ಮೊದಮೊದಲು ದೊಡ್ಡ ಬಸವಣ್ಣನ ಗುಡಿಯ ಕಟ್ಟೆಯ ಮೇಲೆಯೇ ಲ್ಯಾಪ್‌ಟಾಪು ತೆರೆದು ಕೂರುತ್ತಿದ್ದರು, ಬಂದವರೆಲ್ಲ ಬಗ್ಗಿ ನೋಡಿ, ಇದ್ರಾಗ ರೇಷನ್ ಕಾರ್ಡ್ ಆಗತೈತೇನ್ರಿ, ಅನ್ನುತ್ತಿದ್ದರು. ಏನೂ ಗೊತ್ತಿರಲಿಲ್ಲ, ನಿಜವಾಗಿ ಏನೆಂದರೆ ಏನೂ ಗೊತ್ತಿರಲಿಲ್ಲ, ಸಿ ಭಾಷೆಯ ಒಂದು ಹರಕು ಪುಸ್ತಕ, ಫೋನಿನಲ್ಲಿ ಹುಡುಕಿದ ಪಾಠಗಳು, ಐನೂರ ಹನ್ನೆರಡು ಬೈಟಿನ ಒಂದು ಪುಟ್ಟ ತುಂಡು ಬರೆಯಬೇಕು, ಅದರ ಕೊನೆಯ ಎರಡು ಬೈಟು ಸರಿಯಾದ ಗುರುತಾಗಿರಬೇಕು, ಆ ಗುರುತಿಲ್ಲದಿದ್ದರೆ ಯಂತ್ರ ಮುಂದೆ ಓದುವುದೇ ಇಲ್ಲ, ನಮ್ಮ ಚೆಕಿಂಗಿನವರು ಲೇಬಲ್ಲಿಲ್ಲದ ಪ್ಯಾಂಟನ್ನು ಬಿಡಿಸಿಯೂ ನೋಡದೆ ಬದಿಗೆ ಎಸೆದ ಹಾಗೆ. ಮೂರು ತಿಂಗಳು ಹಿಡಿಯಿತು ಒಂದು ಅಕ್ಷರ ಮೂಡಲಿಕ್ಕೆ, ಅದೂ ನಿಜವಾದ ಕಂಪ್ಯೂಟರಿನಲ್ಲಲ್ಲ, ಎಮ್ಯುಲೇಟರ್ ಎಂಬ ಸುಳ್ಳು ಕಂಪ್ಯೂಟರಿನಲ್ಲಿ, ಲ್ಯಾಪ್‌ಟಾಪಿನೊಳಗೇ ಒಂದು ಆಟದ ಮನೆ ಕಟ್ಟಿಕೊಂಡ ಹಾಗೆ, ಅಲ್ಲಿ ಎಷ್ಟು ಸಲ ಬಿದ್ದರೂ ಮೊಣಕಾಲು ತರಚುವುದಿಲ್ಲ. ಆ ಒಂದು ಅಕ್ಷರಕ್ಕೆ ಗುಡಿಯ ಕಟ್ಟೆಯ ಮೇಲೆ ಇಬ್ಬರೂ ಕಿರುಚಿದ್ದಕ್ಕೆ ಪೂಜಾರಿಯೇ ಹೊರಗೆ ಓಡಿಬಂದಿದ್ದ. ಆಮೇಲೆ ಟೈಮರಿನ ಟಕ್ ಟಕ್ ಕೇಳಿಸಿಕೊಳ್ಳುವುದು ಕಲಿತರು, ಆಮೇಲೆ ಕಾಡಸಿದ್ದಪ್ಪ ಸರ್ ನೆನಪಿಗೆ ಬಂದರು, ಒಂದೇ ಕುರ್ಚಿ, ಇಬ್ಬರು ಕೂರುವವರು, ಗಂಟೆ ಹೊಡೆದಾಗ ಬದಲಾಗಬೇಕು, ಕರ್ನಲ್ಲು ಮಾಡುವುದೂ ಅದನ್ನೇ ಅಲ್ಲವೇ! ಎರಡು ಕೆಲಸ ಬರೆದರು, ನಿಶಾತಳದು ಬರೀ ಇಂಗ್ಲಿಷಿನ ಎನ್ ಎಂದು ಬರೆಯುತ್ತದೆ, ಜ್ಯೋತಿಯದು ಬರೀ ಜೆ ಎಂದು, ಟೈಮರು ಗಂಟೆ ಹೊಡೆದಾಗಲೆಲ್ಲ ಬದಲು, ಎಮ್ಯುಲೇಟರಿನಲ್ಲಿ ಎಷ್ಟು ಚೆಂದ ಬಂತು, ಎನ್ ಜೆ ಎನ್ ಜೆ, ಜಡೆ ಹೆಣೆದ ಹಾಗೆ.

ಸುಳ್ಳು ಕಂಪ್ಯೂಟರಿನಲ್ಲಿ ಬಂದರೆ ಬಂದ ಹಾಗಾಯ್ತೇನು, ನಿಜವಾದದ್ದರಲ್ಲಿ ಬರಬೇಕು, ಲ್ಯಾಪ್‌ಟಾಪು ಹೊಸದು, ಇವರು ಕಲಿತ ಹಳೇ ಪದ್ಧತಿಗೆ ಅದು ಬಗ್ಗುವುದಿಲ್ಲ, ಅದಕ್ಕೆ ಬಸ್‌ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಯ ಮಾರೆಣ್ಣನ ಕಾಲು ಹಿಡಿದರು, ಅವನಲ್ಲಿ ಪೆಟ್ಟಿಗೆಯಂಥ ಒಂದು ಹಳೇ ಕಂಪ್ಯೂಟರು, ಆದಿತ್ಯವಾರ ಗಿರಾಕಿ ಕಡಿಮೆ, ಬರ್ರಿ ತಂಗೆಮ್ಮ, ಸುಟ್ಟು ಮಾತ್ರ ಹಾಕಬ್ಯಾಡ್ರಿ, ಅಂದ. ಪೆನ್‌ಡ್ರೈವ್ ಚುಚ್ಚಿದರು, ಎದ್ದಿತು, ಕಪ್ಪು ಪರದೆಯ ಮೇಲೆ ಬಿಳಿ ಎನ್, ಅದರ ಪಕ್ಕ ಎನ್, ಎನ್ ಎನ್ ಎನ್, ಸಾಲು ತುಂಬಾ ಎನ್, ಪರದೆ ತುಂಬಾ ಎನ್, ಒಂದು ಜೆ ಇಲ್ಲ, ಔಷಧಿಗೂ ಇಲ್ಲ. ಎರಡು ಆದಿತ್ಯವಾರ ಹಾಗೇ ಆಯಿತು. ಹೋದ ಸಲ ಜ್ಯೋತಿ ಪರದೆಯನ್ನು ನೋಡುತ್ತಾ ನಿಂತು, ನಗುತ್ತಲೇ ಅಂದಳು, ನೋಡು, ಇಲ್ಲೂ ನೀನ ಕುಂತಿ. ನಿಶಾತ್ ನಕ್ಕಳು. ಜ್ಯೋತಿ ಆಮೇಲೆ ನಗಲಿಲ್ಲ. ನೀ ಬರೀತಿ, ನಾ ಹಿಂದ ನಿಂತು ನೋಡ್ತೀನಿ, ಬರೇ ನೋಡಾಕ ಇಷ್ಟು ದೂರ ಬಸ್ಸು ಹತ್ತಬೇಕೇನಲೇ, ಇನ್ನೊಂದು ಆದಿತ್ಯವಾರ ಬರ್ತೀನಿ, ಆಗಲಿಲ್ಲಂದ್ರ ನಾ ಬಿಡ್ತೀನಿ, ನೀ ಮಾಡ್ಕ. ಜಗಳವಲ್ಲ, ಸಿಟ್ಟೂ ಅಲ್ಲ, ತೂಕ ಬರೆದು ಚೀಟಿ ಹರಿದು ಕೊಟ್ಟ ಹಾಗೆ. ಅವತ್ತಿನಿಂದ ನಿಶಾತಳಿಗೆ ಅನ್ನ ಸೇರಿಲ್ಲ, ಒಬ್ಬಳೇ ಮಾಡಿಕೋ ಅಂದರೆ ಏನು ಮಾಡುವುದು, ಒಬ್ಬಳೇ ಮಾಡುವುದರಲ್ಲಿ ಏನಿದೆ ಮಣ್ಣು, ಜೊತೆಗೆ ಕಿರುಚಲಿಕ್ಕೆ ಆ ಇನ್ನೊಬ್ಬಳು ಇಲ್ಲದಿದ್ದರೆ ಅಕ್ಷರ ಮೂಡಿದರೆಷ್ಟು ಬಿಟ್ಟರೆಷ್ಟು. ಅದಕ್ಕೇ ಈ ಹನ್ನೊಂದು, ಒಂದರಲ್ಲಿ ಗಂಟೆ ನಿಧಾನ, ಒಂದರಲ್ಲಿ ಜೋರು, ಒಂದರಲ್ಲಿ ಜೆಗೇ ಮೊದಲ ಸರದಿ, ಎಮ್ಯುಲೇಟರಿನಲ್ಲಿ ಹನ್ನೊಂದೂ ಬಂಗಾರ. ಟಕ್. ಗಾಜು ನಿಂತಿತು. ಕುರುಗೋಡು.

ಇಳಿದ ಕೂಡಲೇ ಕಂಡಳು ಜ್ಯೋತಿ, ಮಾರೆಣ್ಣನ ಅಂಗಡಿಯ ಮುಂದೆ, ಹಳದಿ ಸೀರೆ, ಕೈಯಲ್ಲಿ ಮಂಡಕ್ಕಿ ಪೊಟ್ಟಣ, ಬಂದಳಲ್ಲ, ಬರುತ್ತೇನೆಂದವಳು ಬಂದಳಲ್ಲ, ನಿಶಾತಳಿಗೆ ಓಡಿಹೋಗಿ ತಬ್ಬಿಕೊಳ್ಳಬೇಕೆನಿಸಿ ಬದಲಿಗೆ, ಏನಲೇ ದಪ್ಪ ಆಗೀಯಲ್ಲ, ಅಂದುಬಿಟ್ಟಳು. ನಿನ್ನ ಕಣ್ಣು ಒಳಗ ಹೋಗ್ಯಾವು, ಅಂದಳು ಅವಳು. ಮಾರೆಣ್ಣ ಒಳಗಿಂದ, ಏನವ್ವಾ, ಇವತ್ತರ ಕೂಸು ಹುಟ್ಟತೈತೋ ಇಲ್ಲೋ, ಬ್ಯಾನಿ ತಿಂದು ತಿಂದು ನನ್ನ ಕಂಪ್ಯೂಟರಿಗೆ ಸಾಕಾಗೇತಿ, ಎಂದು ತನ್ನ ಮಾತಿಗೆ ತಾನೇ ನಕ್ಕ. ಗಂಟು ಬಿಚ್ಚಿದಳು, ಕುರ್ಚಿ ಎಳೆದುಕೊಂಡಳು, ಒಂದನೆಯದು — ಎನ್ ಎನ್ ಎನ್. ಎರಡನೆಯದು, ಎನ್. ಲ್ಯಾಪ್‌ಟಾಪಿನಿಂದ ಪೆನ್‌ಡ್ರೈವಿಗೆ, ಪೆನ್‌ಡ್ರೈವಿನಿಂದ ಪೆಟ್ಟಿಗೆಗೆ, ಗುಂಡಿ ಒತ್ತು, ಕಾಯಿ, ಎನ್. ಜೆಗೆ ಮೊದಲ ಸರದಿ ಕೊಟ್ಟದ್ದರಲ್ಲಿ ಪರದೆ ತುಂಬಾ ಜೆ ಬಂತು, ಆದರೆ ಬರೀ ಜೆ, ಜ್ಯೋತಿ, ಇದೇನಲೇ ಲಂಚ ಕೊಟ್ಟಂಗ, ಅಂದಳು, ಮಾರೆಣ್ಣನೂ ನಕ್ಕ, ನಿಶಾತಳಿಗೆ ನಗು ಬರಲಿಲ್ಲ. ಏಳು, ಎಂಟು, ಒಂಬತ್ತು, ಸೆಕೆ, ಫ್ಯಾನು ಬೆನ್ನಿಗೆ ಮಾತ್ರ ಬೀಸುತ್ತಿದೆ, ಹೊರಗೆ ಸಿರುಗುಪ್ಪದ ಬಸ್ಸು ಬಂದು ನಿಂತಿತು, ಕಂಡಕ್ಟರು ಸಿರುಗುಪ್ಪ ಸಿರುಗುಪ್ಪ ಎಂದು ಕೂಗುತ್ತಿದ್ದಾನೆ, ಜ್ಯೋತಿ ಆ ಕಡೆ ನೋಡಿದಳು, ನೋಡಿದ್ದು ಕಂಡಿತು. ಹನ್ನೊಂದು. ಎನ್, ಅದರ ಪಕ್ಕ ಎನ್. ಇರು ಲೇ, ಇದೊಂದು ಸಾಲು ತಿದ್ತೀನಿ, ಇದೊಂದೇ ಸಾಲು — ಯಾರು ಹೇಳಿದ್ದು ಇದು, ಯಾವಾಗ ಹೇಳಿದ್ದು, ಅದೇ ದನಿ, ಆ ಬಂಗಲೆಯ ವರಾಂಡದ ಎತ್ತರದ ಚಾವಣಿ, ಬೆನ್ನ ಹಿಂದೆ ಒಬ್ಬಳು ನಿಂತೇ ಇದ್ದಾಳೆ.

ಟಿಣ್. ಮಾರೆಣ್ಣ ಚಹಾ ತಂದಿದ್ದ, ಸಕ್ಕರೆ ಕದಡಿದ ಚಮಚವನ್ನು ಲೋಟದ ಅಂಚಿಗೆ ಕೊಡವಿದ, ಅಷ್ಟೇ, ಅವನಿಗೇನು ಗೊತ್ತು ಪಾಪ — ನಿಶಾತ್ ಚೇಳು ಕುಟುಕಿದ ಹಾಗೆ ಕುರ್ಚಿ ಬಿಟ್ಟೆದ್ದಳು. ಎದ್ದು ನಿಂತ ಮೇಲೆ ತಿಳಿಯಿತು ಎದ್ದೆನೆಂದು. ಜ್ಯೋತಿ ಅವಳನ್ನು ನೋಡಿದಳು, ಕುರ್ಚಿಯನ್ನು ನೋಡಿದಳು, ಬಾಯಿಗೆ ಸೆರಗು ಒತ್ತಿಕೊಂಡಳು, ಭುಜ ಕುಣಿಯತೊಡಗಿತು, ಹೋಯಿತು, ಇಬ್ಬರಿಗೂ ತಡೆಯಲಾಗಲಿಲ್ಲ, ಮಾರೆಣ್ಣ ಲೋಟ ಹಿಡಿದುಕೊಂಡು, ಯಾಕ್ರವ್ವಾ, ಏನಾತು, ಅನ್ನುತ್ತಿದ್ದಾನೆ, ಹೇಳಲಿಕ್ಕೆ ಉಸಿರಿಲ್ಲ. ಕಣ್ಣೊರೆಸಿಕೊಂಡು ಜ್ಯೋತಿ ಕೂತಳು, ಕುರ್ಚಿಯನ್ನು ಲ್ಯಾಪ್‌ಟಾಪಿನ ಹತ್ತಿರಕ್ಕೆ ಎಳೆದುಕೊಂಡಳು, ಸಾಲಿನ ಮೇಲೆ ಬೆರಳಿಟ್ಟಳು, ನಂಗ ಹೇಳು, ಒಂದೊಂದ ಹೇಳು, ಇದೇನು. ಇದಕ್ಕ ಸರದಿ ಅಂತ ಹೆಸರಿಟ್ಟೀನಿ ಜ್ಯೋತಿ, ಮೆಮೊರಿಯಾಗ ಒಂದು ಡಬ್ಬಿ ಅನ್ಕ, ಅದರಾಗ ಸೊನ್ನಿ ಇದ್ರ ಮೊದಲ್ನೇದಾಕಿ ಕುಂತಾಳ ಅಂತ, ಗಂಟಿ ಆದ ಕೂಡ್ಲೇ ಎರಡನೇದಾಕಿ ಕುಂದ್ರಬೇಕು, ಒಂದು ಇದ್ರ ಎರಡನೇದಾಕಿ ಕುಂತಾಳ ಅಂತ, ಮೊದಲ್ನೇದಾಕಿ ಕುಂದ್ರಬೇಕು. ಸೊನ್ನೀನೂ ಅಲ್ಲ ಒಂದೂ ಅಲ್ಲ ಅಂದ್ರ? ಅಂದ್ರ ಏನೂ ಮಾಡಂಗಿಲ್ಲ, ಕುಂತಾಕಿ ಕುಂತೇ ಇರ್ತಾಳ, ಆದ್ರ ಹಂಗ ಆಗಂಗಿಲ್ಲಲೇ, ಸುರುವಿಗೆ ಅದರಾಗ ಸೊನ್ನಿ ಇರತೈತಲ್ಲ. ಜ್ಯೋತಿಯ ಬೆರಳು ಅಲ್ಲೇ ನಿಂತಿತು. ಯಾರಿಟ್ರು? ಏನು? ಆ ಸೊನ್ನಿ ಐತೆಲ್ಲ ನಿಶಾ, ಅದನ್ನ ಯಾರಿಟ್ರು?

ಯಾರಿಟ್ಟರು. ಯಾರಿಟ್ಟರು — ಕಟ್ಟೆಯ ಮೇಲೆ ನಾಯಿ ಕಾಲು ಚಾಚಿ ಮಲಗಿದೆ, ಗಾಲಿಯ ಕೆಸರು, ಹಿಂದ ಯಾರು ಏನು ಬಿಟ್ಟು ಹೋಗಿರ್ತಾರೋ ಯಾರಿಗ್ಗೊತ್ತು, ಯಾ ಅಲ್ಲಾ, ಯಾರೂ ಇಟ್ಟಿಲ್ಲ! ಎಮ್ಯುಲೇಟರು ಪ್ರತಿ ಸಲವೂ ಹೊಚ್ಚಹೊಸ ಖಾಲಿ ಡಬ್ಬಿ ಕೊಡುತ್ತಿತ್ತು, ಮಾರೆಣ್ಣನ ಪೆಟ್ಟಿಗೆಯಲ್ಲಿ ಏಳುವಾಗಲೇ ಯಾರು ಯಾರೋ ಓಡಾಡಿ ಏನೇನೋ ಬಿಟ್ಟು ಹೋಗಿರುತ್ತಾರೆ, ಡಬ್ಬಿಯಲ್ಲಿ ನಾಯಿ ಮಲಗಿದೆ, ಗಂಟೆ ಹೊಡೆದಾಗಲೆಲ್ಲ ಕರ್ನಲ್ಲು ಬಂದು ನೋಡುತ್ತದೆ, ಸೊನ್ನೆಯೂ ಅಲ್ಲ ಒಂದೂ ಅಲ್ಲ, ಸುಮ್ಮನೆ ಹಿಂದಿರುಗುತ್ತದೆ, ಕುಂತಾಕಿ ಕುಂತೇ ಇರ್ತಾಳ! ಎಂಟು ವರ್ಷ ಬೆಳಿಗ್ಗೆ ಕೆಲಸಕ್ಕೆ ಹೋಗಿ ಕೂತಾಗಲೆಲ್ಲ ನಿಶಾತಳ ಟೇಬಲ್ಲು ಕನ್ನಡಿ, ದಾರದ ಚೂರಿಲ್ಲ, ಸೀಮೆಸುಣ್ಣದ ಪುಡಿಯಿಲ್ಲ, ಕಸ ಗುಡಿಸುವ ಸುಂಕಮ್ಮ ಮುಂಚೆಯೇ ಬಂದು ಒರೆಸಿ ಹೋಗಿರುತ್ತಿದ್ದಳು, ಒರೆಸಿದ ಟೇಬಲ್ಲಿನ ಮುಂದೆಯೇ ಕೂತು ಬೆಳೆದ ತಲೆಗೆ ಒರೆಸಬೇಕೆಂದು ಹೊಳೆಯುವುದಾದರೂ ಎಲ್ಲಿಂದ. ನಾಯಿ ಲೇ ಜ್ಯೋತಿ, ನಾಯಿ, ಅಂದಳು, ಅಷ್ಟೇ ಬಾಯಿಂದ ಬಂದದ್ದು, ಜ್ಯೋತಿಗೆ ತಿಳಿಯಿತು, ಪೂರಾ ತಿಳಿಯಿತು, ತಡೆದ ನಗುವಿಗೆ ಮುಖ ಊದಿಕೊಂಡಿತು, ಸೊನ್ನಿ ಮಾಡ್ಕಂಡಿಲ್ಲೇನಲೇ ನೀನು, ಒಂದು ತಿಂಗಳಿಂದ ಸೊನ್ನಿ ಮಾಡ್ದ ಲಾರಿ ಹತ್ತಸಾಕ ಹತ್ತೀಯೇನು! ನಿಶಾತಳ ಕೈ ತಾನಾಗಿಯೇ ಕೀಬೋರ್ಡಿನ ಕಡೆ ಹೋಯಿತು, ಅರ್ಧಕ್ಕೆ ಹಿಡಿದುಕೊಂಡಳು, ಎಳೆದುಕೊಂಡಳು, ಎರಡೂ ಕೈಗೆ ದುಪಟ್ಟಾ ಸುತ್ತಿಕೊಂಡಳು. ನೀ ಬರಿ, ಅಂದಳು. ಎಲ್ಲಿ? ಇಲ್ಲಿ, ಎಲ್ಲಾದ್ಕಿಂತ ಮೊದ್ಲ. ಜ್ಯೋತಿ ಒಂದೇ ಬೆರಳಿನಲ್ಲಿ ಒತ್ತಿದಳು, ಸರದಿ, ಸಮ ಚಿಹ್ನೆ, ಸೊನ್ನೆ, ಇಷ್ಟು ನಿಧಾನ, ದೇವರೇ ಇಷ್ಟು ನಿಧಾನವಾಗಿ ಯಾರಾದರೂ ಟೈಪು ಮಾಡುತ್ತಾರೆಯೇ, ಎಷ್ಟು ಚೆಂದ, ಕಂಡಕ್ಟರು ಕೂಗುತ್ತಿದ್ದಾನೆ, ರೈಟ್ ರೈಟ್, ಸಿರುಗುಪ್ಪದ ಬಸ್ಸು ಹೊರಟಿತು, ಲೇ ನಿನ್ನ ಬಸ್ಸು, ಹೋಗ್ಲಿ ಬಿಡು, ಸಂಜಿಗೂ ಐತಿ, ಅಂದಳು ಜ್ಯೋತಿ ತಲೆ ಎತ್ತದೆ, ಪೆನ್‌ಡ್ರೈವು ತೆಗೆದು ಮಾರೆಣ್ಣನ ಪೆಟ್ಟಿಗೆಗೆ ತಾನೇ ಚುಚ್ಚಿದಳು, ತಾನೇ ಗುಂಡಿ ಒತ್ತಿದಳು, ಮಾರೆಣ್ಣನೂ ಬಗ್ಗಿದ, ಚಹಾ ಆರುತ್ತಿದೆ, ಫ್ಯಾನು, ಉಸಿರು, ಕಪ್ಪು ಪರದೆ, ಬಿಳಿ ಎನ್ ಬಂತು, ಅದರ ಪಕ್ಕದ ಖಾಲಿ ಜಾಗ, ಹದಿನೈದು ದಿನದಿಂದ ಕಣ್ಣು ಮುಚ್ಚಿದರೂ ಕಾಣುವ ಅದೇ ಜಾಗ, ಅಲ್ಲಿ, ನಾ ಬಂದೆ, ನಾ ಬಂದೆ ನೋಡಲೇ, ಯಾರೋ ಕಿರುಚುತ್ತಿದ್ದಾರೆ, ತನ್ನ ದನಿಯೋ ಅವಳದೋ, ಜ್ಯೋತಿಯ ಬೆರಳು ಗಾಜಿಗೆ ಒತ್ತಿದೆ, ಬೆರಳಿನ ಕೆಳಗೆ ಬಿಳಿ ಗೆರೆ, ಕೊನೆಯಲ್ಲಿ ಎಡಕ್ಕೆ ಬಾಗಿದ ಕೊಕ್ಕೆ, ಎನ್ ಪಕ್ಕದಲ್ಲಿ, ಜೆ — ಎನ್ ಪಕ್ಕದಲ್ಲಿ ಜೆ — ಜೆ.